ಸೈಕಲ್ ಚಕ್ರ ಅಲ್ಲಾಡ್ತಿದೆಯಾ?

ಮಗಳು ಟ್ಯೂಷನ್‌ಗೆ ಸೈಕಲ್‌ನಲ್ಲೇ ಹೋಗಿ ಬರ್ತಾಳೆ ಅನ್ನೋದು ಅಮ್ಮಂದಿರಿಗೆ ಎಷ್ಟು ಅನುಕೂಲವೋ, ಅವಳು ಮನೆ ಸೇರುವವರೆಗೂ ಅಷ್ಟೇ ಆತಂಕ. ಟೈರಿಗೆ ಗಾಳಿ ಇದೆಯಾ, ಬ್ರೇಕ್ ಹಿಡಿಯುತ್ತಾ ಅಂತ ನೋಡ್ತೀವಿ. ಚಕ್ರದ ನಡುವಿನ ಹಬ್ ಕಡೆ ಮಾತ್ರ ಗಮನ ಹೋಗುವುದೇ ಇಲ್ಲ. ‘ಅಮ್ಮಾ, ಸೈಕಲ್ ಯಾಕೋ ಒಂಥರಾ ಆಡುತ್ತೆ’ ಎಂದು ಮಕ್ಕಳು ಹೇಳಿದರೆ ಅಲ್ಲಿಗೂ ಕೈ ಹಾಕಿ ನೋಡಿ.

ಹಬ್‌ನ ಒಳಗೆ ಎರಡೂ ಬದಿ ಚಿಕ್ಕ ಉಕ್ಕಿನ ಗುಂಡುಗಳಿರುತ್ತವೆ. ಒಂದು ಕಡೆ ಬಟ್ಟಲಿನಂಥ ಕಪ್, ಇನ್ನೊಂದು ಕಡೆ ಕೋನ್. ಇವೆರಡರ ನಡುವೆ ಗುಂಡುಗಳು ಉರುಳುವುದರಿಂದಲೇ ಚಕ್ರ ಸಲೀಸಾಗಿ ತಿರುಗುವುದು. ಕೋನ್ ಸಡಿಲವಾದರೆ ಚಕ್ರ ಅಲ್ಲಾಡುತ್ತದೆ, ರಿಮ್ ಬ್ರೇಕಿಗೆ ಉಜ್ಜುತ್ತದೆ. ಹಾಗೇ ಓಡಿಸಿದರೆ ಕಪ್, ಕೋನ್ ಎರಡೂ ಸವೆದು ಹಬ್ಬೇ ಹಾಳು.

ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಫೋರ್ಕ್ ಹಿಡಿದು, ಇನ್ನೊಂದರಲ್ಲಿ ಟೈರನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಮೊದಲು ಹೊರಗಿನ ಚಕ್ರದ ನಟ್ ಬಿಗಿ ಇದೆಯಾ ನೋಡಿ. ಅದು ಸರಿಯಿದ್ದೂ ಆಡಿದರೆ ಬೇರಿಂಗ್ ಸಡಿಲ. ತಿರುಗುವಾಗ ಮಾತ್ರ ರಿಮ್ ಓಲಾಡಿದರೆ ಅದು ಕಡ್ಡಿಗಳ ಸಮಸ್ಯೆ, ಇದಲ್ಲ.

ಮುಂದಿನ ಚಕ್ರವನ್ನು ನೀವೇ ಸರಿಮಾಡಬಹುದು. ಬೇಕಾಗುವುದು ಸಾಮಾನ್ಯ ಸ್ಪ್ಯಾನರ್ ಜೊತೆಗೆ ತೆಳುವಾದ ಕೋನ್ ಸ್ಪ್ಯಾನರ್. ಸೈಕಲ್ ತೋರಿಸಿ ಅಳತೆಗೆ ತಕ್ಕದ್ದನ್ನೇ ಕೊಳ್ಳಿ.

* ಬ್ರೇಕ್ ಬಿಡಿಸಿ, ಹೊರಗಿನ ನಟ್ ತೆಗೆದು ಚಕ್ರ ಹೊರತೆಗೆಯಿರಿ. ವಾಷರ್‌ಗಳನ್ನು ಕ್ರಮವಾಗಿ ಬಟ್ಟಲಲ್ಲಿಡಿ.
* ಒಂದು ಬದಿಯ ಕೋನ್ ಅನ್ನು ತೆಳು ಸ್ಪ್ಯಾನರ್‌ನಿಂದ ಹಿಡಿದು, ಅದರ ಮೇಲಿನ ಲಾಕ್‌ನಟ್ ಅನ್ನು ಎಡಕ್ಕೆ ತಿರುಗಿಸಿ ಸಡಿಲಿಸಿ. ಇನ್ನೊಂದು ಬದಿ ಬಿಚ್ಚಬೇಡಿ.
* ಕೋನ್ ಅನ್ನು ಬೆರಳಲ್ಲೇ ಬಿಗಿ ಮಾಡಿ. ಅಲ್ಲಾಟ ನಿಂತ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ.
* ಕೋನ್ ತಿರುಗದಂತೆ ಹಿಡಿದೇ ಲಾಕ್‌ನಟ್ ಬಿಗಿಯಿರಿ.
* ಆಕ್ಸಲ್ ಅನ್ನು ಬೆರಳಲ್ಲಿ ತಿರುಗಿಸಿ. ನಯವಾಗಿ ತಿರುಗಬೇಕು, ಅಲ್ಲಾಡಬಾರದು. ಬಿಗಿ ಅನಿಸಿದರೆ ಮತ್ತೆ ಸ್ವಲ್ಪ ಸಡಿಲಿಸಿ. ಒಂದೇ ಸಲಕ್ಕೆ ಸರಿಹೋಗದಿದ್ದರೆ ಬೇಸರ ಬೇಡ, ಎರಡು ಮೂರು ಸಲ ಆಗಬಹುದು.

‘ಬಿಗಿಯಾದಷ್ಟೂ ಒಳ್ಳೆಯದು’ ಅಂದ್ಕೋಬೇಡಿ. ಅತಿ ಬಿಗಿಯಾದರೆ ಗುಂಡುಗಳೇ ಸವೆಯುತ್ತವೆ, ಮಗುವಿಗೆ ತುಳಿಯಲೂ ಕಷ್ಟ. ತಿರುಗಿಸುವಾಗ ಮರಳು ಉಜ್ಜಿದಂತೆ ಗರಗರ ಎಂದರೆ ಬಿಗಿ ಮಾಡಿ ಪ್ರಯೋಜನವಿಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತುಂಬಬೇಕು. ಕೋನ್‌ನಲ್ಲಿ ಗುಳಿ ಬಿದ್ದಿದ್ದರೆ ಬದಲಿಸಲೇಬೇಕು. ಅಡುಗೆಮನೆಯ ಕೊಬ್ಬರಿ ಎಣ್ಣೆ ಇಲ್ಲಿ ನಡೆಯಲ್ಲ!

ಹಿಂದಿನ ಚಕ್ರಕ್ಕೆ ಚೈನ್, ಫ್ರೀವೀಲ್ ಇರುವುದರಿಂದ ಅಭ್ಯಾಸವಿಲ್ಲದವರು ಸೈಕಲ್ ಅಂಗಡಿಗೆ ಕೊಡುವುದೇ ಮೇಲು. ಕೆಲವು ದುಬಾರಿ ಸೈಕಲ್‌ಗಳಲ್ಲಿ ಸೀಲ್ಡ್ ಬೇರಿಂಗ್ ಇರುತ್ತದೆ. ಅದು ಸವೆದರೆ ಬದಲಾಯಿಸುವುದೊಂದೇ ದಾರಿ.

ಚಕ್ರ ಮತ್ತೆ ಕೂರಿಸಿದ ಮೇಲೆ ಫೋರ್ಕ್ ನಡುವೆ ನೇರವಾಗಿದೆಯಾ, ಎರಡೂ ಬದಿಯ ನಟ್ ಬಿಗಿಯಾಗಿದೆಯಾ, ಬ್ರೇಕ್ ಮತ್ತೆ ಜೋಡಿಸಿದ್ದೀರಾ ಎಂದು ತಪ್ಪದೇ ನೋಡಿ. ಮನೆ ಮುಂದೆ ನಿಧಾನವಾಗಿ ಒಂದು ಸುತ್ತು ಓಡಿಸಿ ಬ್ರೇಕ್ ಹಿಡಿದು ನೋಡಿದ ನಂತರವೇ ಮಗುವಿನ ಕೈಗೆ ಕೊಡಿ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರಂತೂ ಮುಂದಿನ ಸಲ ಅವಳೇ ಮಾಡಿಕೊಳ್ತಾಳೆ.