ಆಸರೆಯ ನೆನಪು: ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು

ಮೊಗಲರ ಸುಬಾ ರಾಜಧಾನಿಯಾಗಿ ಮೆರೆದಿದ್ದ ಶಿರಾ ಹದಿನೆಂಟನೇ ಶತಮಾನದ ಕೊನೆಗೆ ಬಡವಾಯಿತು. ಅದಕ್ಕೊಂದು ಕಾರಣ ಮೈಸೂರು ಗೆಜೆಟಿಯರಿನಲ್ಲೇ ದಾಖಲಾಗಿದೆ. ಶ್ರೀರಂಗಪಟ್ಟಣದ ಮಗ್ಗುಲಲ್ಲಿ ಶಹರ್ ಗಂಜಾಮ್ ಕಟ್ಟಿದ ಟಿಪ್ಪು ಸುಲ್ತಾನ್, ಅದನ್ನು ತುಂಬಿಸಲು ಶಿರಾದ 12,000 ಕುಟುಂಬಗಳನ್ನು ಬಲವಂತವಾಗಿ ಒಕ್ಕಲೆಬ್ಬಿಸಿದ. ಅದಕ್ಕೂ ಮೊದಲು ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟಿದ್ದು ಮಧುಗಿರಿ ಕೋಟೆಯಲ್ಲಿ. ನೆಲ ಗೆದ್ದವರು ಜನರನ್ನೂ ಹೊತ್ತೊಯ್ಯುತ್ತಿದ್ದ ಕಾಲ ಅದು.

ಕರಾವಳಿಯ ಕ್ಯಾಥೊಲಿಕರ ಪಾಡೂ ಅದೇ. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ 1784ರಲ್ಲಿ ಟಿಪ್ಪುವಿನ ಸೈನಿಕರು ಸಾವಿರಾರು ಜನರನ್ನು ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮುದುಕರು, ಮಕ್ಕಳು, ಬಾಣಂತಿಯರೆನ್ನದೆ ಎಲ್ಲರೂ ನಡೆಯಬೇಕಾಯಿತು. ಊರಿನಲ್ಲಿ ಅವರ ಚರ್ಚುಗಳು ನೆಲಸಮವಾದವು.

ಈ ಸಂಕಟದಿಂದ ಪಾರಾಗಿ ಬಂದ ಕೆಲವು ಕೊಂಕಣಿ ಕುಟುಂಬಗಳಿಗೆ ಆಶ್ರಯ ಕೊಟ್ಟವನು ಕೊಡಗಿನ ದೊಡ್ಡ ವೀರರಾಜೇಂದ್ರ. ಹಾಲೇರಿ ವಂಶದ ಈ ಲಿಂಗಾಯತ ಅರಸನಿಗೆ ಸೆರೆವಾಸ ಹೊಸದಲ್ಲ; ಪಿರಿಯಾಪಟ್ಟಣದ ಬಂಧನದಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ರಾಜ್ಯ ಮರಳಿ ಗಳಿಸಿದ್ದ. ಅವನ ಪ್ರಜೆಗಳೂ ಸಾವಿರಗಟ್ಟಲೆ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಹೋಗಿದ್ದರು. ಬಂದವರ ನೋವು ಅವನಿಗೆ ತಿಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1791ರ ದಂಡಯಾತ್ರೆಯಲ್ಲಿ ಇಂಗ್ಲಿಷ್ ಸೇನಾನಿ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ಅರಸ 1792ರಲ್ಲಿ ತನ್ನ ಹೆಸರಿನ ಪೇಟೆ ಕಟ್ಟಿಸಿದ. ವೀರರಾಜೇಂದ್ರಪೇಟೆ ಈಗ ವಿರಾಜಪೇಟೆ. ಅಲ್ಲೇ ಕ್ರೈಸ್ತರಿಗೆ ಜಮೀನು ಸಿಕ್ಕಿತು, ಚರ್ಚಿಗೆ ಜಾಗವೂ ಸಿಕ್ಕಿತು. ಸಂತ ಅನ್ನಮ್ಮನ ಚರ್ಚು ಹುಟ್ಟಿದ್ದು ಹೀಗೆ. ಅನ್ನಮ್ಮ ಮರಿಯಮ್ಮನವರ ತಾಯಿ, ಯೇಸುವಿನ ಅಜ್ಜಿ. ದಿಕ್ಕುತಪ್ಪಿ ಬಂದವರು ಅಜ್ಜಿಯ ಮಡಿಲು ಹುಡುಕಿದಂತೆ ಈ ಹೆಸರು ನನಗೆ ತೋರುತ್ತದೆ.

ಇಂದು ಕಾಣುವ ಕಟ್ಟಡ ಗೋಥಿಕ್ ಶೈಲಿಯದು. ಮೇಲಕ್ಕೆ ಚೂಪಾಗುತ್ತ ಹೋಗುವ ಕಮಾನುಗಳು, ಊರಿನ ಹೆಂಚುಮಾಡುಗಳನ್ನೆಲ್ಲ ಮೀರಿ ನಿಂತ ಗೋಪುರ. ಇದೂ ಒಂದು ಬಗೆಯ ಯುದ್ಧಸ್ಮಾರಕವೇ. ಯುದ್ಧಸ್ಮಾರಕಗಳಲ್ಲಿ ಸಾಮಾನ್ಯವಾಗಿ ಗೆದ್ದವರ ಹೆಸರಿರುತ್ತದೆ, ಸತ್ತವರ ಪಟ್ಟಿಯಿರುತ್ತದೆ. ಇಲ್ಲಿ ಅದಾವುದೂ ಬೇಕಾಗಿಲ್ಲ. ಬದುಕಿ ಉಳಿದವರಿಗೆ ನೆಲೆ ಸಿಕ್ಕಿತೆಂಬುದಕ್ಕೆ ಚರ್ಚೇ ಸಾಕ್ಷಿ. ಒಬ್ಬ ಶಿವಭಕ್ತ ಅರಸನ ಉದಾರತೆಯಿಂದ ಎದ್ದ ಈ ಪೂಜಾಸ್ಥಳದ್ದು ಕನ್ನಡ ನಾಡಿನ ಪಠ್ಯಪುಸ್ತಕಗಳಲ್ಲಿ ಸೇರಬೇಕಾದ ಕಥೆ.

ಸೆರೆಯಾದವರೆಲ್ಲ ಕೊಡಗಿಗೆ ಬರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಉಳಿದಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬೆ ದುಬುವಾ. ಗಂಜಾಮಿನ ಚರ್ಚು ಕಟ್ಟಿಸಿದವರೂ ಈ ಪಾದ್ರಿಯೇ.

ಶಿರಾ, ಮಧುಗಿರಿ ಕಡೆಯವರು ಮೊದಲು ಗಂಜಾಮ್ ನೋಡಿ. ನಮ್ಮವರು ಒಕ್ಕಲೆದ್ದು ಹೋಗಿ ನೆಲೆಸಿದ ಜಾಗ ಅದು. ಅಲ್ಲಿಂದ ಮೈಸೂರು, ಹುಣಸೂರು, ಗೋಣಿಕೊಪ್ಪದ ಹಾದಿಯಾಗಿ ವಿರಾಜಪೇಟೆಗೆ ಹೋಗಬಹುದು. ಸಂತ ಅನ್ನಮ್ಮನ ಹಬ್ಬದ ದಿನ ಜುಲೈ 26. ಆಗ ಕೊಡಗಿನಲ್ಲಿ ಜಡಿಮಳೆಯ ಕಾಲ, ಕೊಡೆ ಮರೆಯಬೇಡಿ.