ಆರು ಸೈಟಿನ ಆಟ

ಪುಣೆಯ ಶಿವಾಜಿನಗರದ ಗಲ್ಲಿಗಳಲ್ಲಿ ಆಟಕ್ಕೇನೂ ಬರವಿಲ್ಲ. ರಬ್ಬರ್ ಚೆಂಡಿನ ಕ್ರಿಕೆಟ್ ಅಂತೂ ಇದ್ದದ್ದೇ. ಸೊಸೈಟಿಯ ಪಾರ್ಕಿಂಗ್ ಜಾಗದಲ್ಲಿ ಎರಡು ಕಂಬಗಳ ನಡುವೆ ಹಗ್ಗ ಬಿಗಿದರೆ ಶಟಲ್ ಆಟವೂ ಶುರು. ಟೆನಿಸ್ ಮಾತ್ರ ಇಷ್ಟು ಸಲೀಸಾಗಿ ಬೀದಿಗಿಳಿದಿಲ್ಲ. ಅದರ ಟಕ್ ಟಕ್ ಸದ್ದು ಕೇಳಬೇಕೆಂದರೆ 1906ರಲ್ಲಿ ಹುಟ್ಟಿದ ಡೆಕ್ಕನ್ ಜಿಮ್ಖಾನಾದಂಥ ಕ್ಲಬ್ಬುಗಳ ಬೇಲಿಯ ಬಳಿ ಹೋಗಬೇಕು.

ಹಾಗೆಂದು ಪುಣೆಗೆ ಟೆನಿಸ್ ಹೊಸತಲ್ಲ. 1974ರ ಡೇವಿಸ್ ಕಪ್‌ನಲ್ಲಿ ಅಮೃತರಾಜ್ ಸಹೋದರರ ಭಾರತ ಸೋವಿಯತ್ ತಂಡವನ್ನು ಸೋಲಿಸಿ ಫೈನಲ್ ತಲುಪಿದ್ದು ಇದೇ ಊರಿನಲ್ಲಿ. (ಫೈನಲ್ ಆಡಲೇ ಇಲ್ಲ, ವರ್ಣಭೇದದ ದಕ್ಷಿಣ ಆಫ್ರಿಕಾದ ಎದುರು ಆಡಲು ಭಾರತ ಒಪ್ಪಲಿಲ್ಲ.) ಕೊಡಗಿನ ಕಾಫಿ ಬೆಳೆಗಾರರ ಮನೆಯ ಹುಡುಗ ರೋಹನ್ ಬೋಪಣ್ಣ ಹದಿಹರೆಯದಲ್ಲಿ ಬಂದು ನಂದನ್ ಬಾಳ್ ಅವರ ಬಳಿ ಕಲಿತದ್ದೂ ಪುಣೆಯಲ್ಲೇ. ಮುಂದೆ ನಗರದ ಅಂಚಿನ ಬಾಲೇವಾಡಿಯಲ್ಲಿ 2019 ಮತ್ತು 2022ರಲ್ಲಿ ಡಬಲ್ಸ್ ಪ್ರಶಸ್ತಿ ಗೆದ್ದ ಬೋಪಣ್ಣ, 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಗ ಅವರಿಗೆ 43 ವರ್ಷ.

ಇಂಥ ಊರಿನಲ್ಲೂ ಟೆನಿಸ್ ಯಾಕೆ ಪಾರ್ಕಿಗೆ ಬರಲಿಲ್ಲ? ರಾಕೆಟ್ ದುಬಾರಿ ಎನ್ನುವವರಿದ್ದಾರೆ. ಆದರೆ ಹಳೆಯ ರಾಕೆಟ್ ಹೇಗೋ ಹೊಂದಿಸಬಹುದು, ಜಾಗ ಹೊಂದಿಸುವುದು ಕಷ್ಟ. ಅಂಕಣದ ಉದ್ದ 23.77 ಮೀಟರ್, ಡಬಲ್ಸ್ ಅಗಲ 10.97. ಸುತ್ತ ಓಡಾಡಲು ಬಿಡುವ ಜಾಗವನ್ನೂ ಸೇರಿಸಿದರೆ ಸುಮಾರು 120 ಅಡಿಗೆ 60 ಅಡಿ. ಬೆಂಗಳೂರಿನ ಲೆಕ್ಕದಲ್ಲಿ 30-40ರ ಆರು ಸೈಟು! ಅಷ್ಟು ಜಾಗದಲ್ಲಿ ಒಂದು ಹೊತ್ತಿಗೆ ಆಡುವವರು ಇಬ್ಬರು, ಹೆಚ್ಚೆಂದರೆ ನಾಲ್ವರು. ವಾಕಿಂಗ್ ಬರುವ ನೂರಾರು ಜನರನ್ನು ಬಿಟ್ಟು ಈ ನಾಲ್ವರಿಗೆ ಜಾಗ ಕೊಡಲು ಯಾವ ಪಾಲಿಕೆಯೂ ಎರಡು ಸಲ ಯೋಚಿಸುತ್ತದೆ.

ಶಟಲ್ ಗೆದ್ದದ್ದು ಇಲ್ಲೇ. 44 ಅಡಿಗೆ 20 ಅಡಿಯ ಅದರ ಅಂಕಣದ ವಿಸ್ತೀರ್ಣ ಒಂದು ಸೈಟಿನಷ್ಟೂ ಇಲ್ಲ. ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆ ಆಟಕ್ಕೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತು. ಅದರ ಆರಂಭದ ನಿಯಮಗಳು ರೂಪುಗೊಂಡದ್ದೂ 1870ರ ದಶಕದ ಪುಣೆಯಲ್ಲಿ. ಬೆಂಗಳೂರಿನ ಪ್ರಕಾಶ್ ಪಡುಕೋಣೆ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ಹಾಲ್ ಕೂಡ. ಮದುವೆಯಿದ್ದ ದಿನ ಅಭ್ಯಾಸಕ್ಕೆ ರಜೆ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಟೆನಿಸ್ಸಿಗೆ ಅಷ್ಟು ದೊಡ್ಡ ಮದುವೆ ಹಾಲ್ ಎಲ್ಲಿಂದ ತರುವುದು?

ಅಮೆರಿಕದಲ್ಲಿ ವೀನಸ್, ಸೆರೆನಾ ವಿಲಿಯಮ್ಸ್ ಸಹೋದರಿಯರಿಗೆ ಅವರ ತಂದೆ ಟೆನಿಸ್ ಕಲಿಸಿದ್ದು ಕ್ಯಾಲಿಫೋರ್ನಿಯದ ಕಾಂಪ್ಟನ್ನಿನ ಸಾರ್ವಜನಿಕ ಅಂಕಣಗಳಲ್ಲಿ. ಅದೇ ಸೆರೆನಾ 2008ರಲ್ಲಿ ಬೆಂಗಳೂರು ಓಪನ್ ಗೆದ್ದದ್ದು ನಮ್ಮ ಕಬ್ಬನ್ ಪಾರ್ಕಿನೊಳಗಿನ ಟೆನಿಸ್ ಕ್ರೀಡಾಂಗಣದಲ್ಲಿ. ಪಾರ್ಕ್ ಎಲ್ಲರದು, ಅದರೊಳಗಿನ ಅಂಕಣಕ್ಕೆ ಮಾತ್ರ ಬೇಲಿ.

ಆರು ಸೈಟಿನ ಜಾಗ ಕೇಳುವುದು ಅತಿಯಾಸೆ ಇರಬಹುದು. ಆದರೆ ಟೆನಿಸ್ಸಿನ ಮೊದಲ ಪಾಠಕ್ಕೆ ಅಂಕಣವೇ ಬೇಕಿಲ್ಲ, ಗಟ್ಟಿ ಗೋಡೆಯೊಂದಿದ್ದರೆ ಸಾಕು. ಹೊಡೆದ ಚೆಂಡನ್ನು ಅದು ಬೇಸರವಿಲ್ಲದೆ ಹಿಂದಿರುಗಿಸುತ್ತದೆ, ಫೀಸು ಕೇಳುವುದಿಲ್ಲ. ನೆಟ್ಟಿನ ಎತ್ತರ ನಡುವೆ ಮೂರಡಿ. ಪುಣೆಯಿರಲಿ, ಬೆಂಗಳೂರಿರಲಿ, ಪಾಲಿಕೆಯವರು ಪಾರ್ಕಿನ ಒಂದು ಗೋಡೆಯ ಮೇಲೆ ಆ ಎತ್ತರಕ್ಕೆ ಬಿಳಿ ಗೆರೆ ಎಳೆದು, ಎದುರಿಗೆ ಒಂದಿಷ್ಟು ಸಿಮೆಂಟ್ ನೆಲ ಹಾಕಿಸಿಕೊಡಲಿ.