ಕಿವಿಮೊರೆತಕ್ಕೆ ಮಿದುಳಿನ ಚಿಕಿತ್ಸೆ: ನಂಬುವುದೆಷ್ಟು?

"ಕಿವಿಯಲ್ಲಿ ಸದಾ ಜೀರುಂಡೆ ಕೂಗಿದ ಹಾಗಾಗುತ್ತದೆ" ಎನ್ನುವ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಕನ್ನಡದಲ್ಲಿ ಕಿವಿಮೊರೆತ. 2022ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 14 ಮಂದಿಗೆ ಇದರ ಅನುಭವವಿದೆ. ತೀವ್ರವಾಗಿ ನರಳುವವರು ಶೇ. 2ರಷ್ಟು.

ಮಂಗಳೂರಿನ ಹಂಪನಕಟ್ಟೆಯ ವಾಹನಗಳ ಗದ್ದಲದಲ್ಲಿ ಈ ಮೊರೆತ ಮುಚ್ಚಿಹೋಗಬಹುದು. ಆದರೆ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿರುವ ಅತ್ತಿಗುಂಡಿಯಂತಹ ಊರಿನಲ್ಲಿ, ರಾತ್ರಿಯ ನಿಶ್ಶಬ್ದದಲ್ಲಿ, ಅದೇ ಸದ್ದು ನಿದ್ದೆಗೆಡಿಸುತ್ತದೆ. ಕಾಫಿ ತೋಟದ ಬದುಕು ಹೊರಗಿನವರು ತಿಳಿದಷ್ಟು ಮೌನವಾದುದೂ ಅಲ್ಲ. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ಪಲ್ಪರ್, ಆನೆ ಓಡಿಸುವ ಪಟಾಕಿ, ಎಲ್ಲವೂ ಕಿವಿಗೆ ಪೆಟ್ಟೇ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ದಾಟಿದ ಸದ್ದು ಕೇಳುತ್ತಿದ್ದರೆ ಕಾಲಕ್ರಮೇಣ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ.

ಕಿವಿಯಿಂದ ಬರಬೇಕಾದ ಸಂದೇಶ ಕಡಿಮೆಯಾದಾಗ ಮಿದುಳು, ರೇಡಿಯೋದ ದನಿ ಏರಿಸಿದಂತೆ, ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಆಗ ಕೇಳುವುದೇ ಈ ಗುಂಯ್ ಸದ್ದು ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ಶ್ರವಣ ನರವನ್ನು ಕತ್ತರಿಸಿದರೂ ಅನೇಕರಲ್ಲಿ ಮೊರೆತ ನಿಲ್ಲದಿರುವುದು ಇದಕ್ಕೆ ಸಾಕ್ಷಿ. ಹಾಗಾದರೆ ಮಿದುಳನ್ನೇ ಶಾಂತಗೊಳಿಸಬಾರದೇಕೆ?

ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ರೂಪಿಸಿದ ಕಾಂತೀಯ ಪ್ರಚೋದನೆಯಲ್ಲಿ ತಲೆಯ ಮೇಲೆ ಸುರುಳಿಯೊಂದನ್ನು ಹಿಡಿದು ಕಾಂತದ ಮಿಡಿತಗಳನ್ನು ಕಳುಹಿಸುತ್ತಾರೆ. ಶಸ್ತ್ರಕ್ರಿಯೆ ಇಲ್ಲ, ಅರಿವಳಿಕೆ ಇಲ್ಲ. ಸೆಕೆಂಡಿಗೆ ಒಂದರಂತೆ ನಿಧಾನ ಮಿಡಿತ ಕೊಟ್ಟರೆ ಆ ಭಾಗದ ಚಟುವಟಿಕೆ ತಗ್ಗುತ್ತದೆಂಬುದು ನಿರೀಕ್ಷೆ. (ಯಂತ್ರವೇ ಟಕ್ ಟಕ್ ಎಂದು ಜೋರಾಗಿ ಸದ್ದು ಮಾಡುವುದರಿಂದ ರೋಗಿಯ ಕಿವಿಗೆ ಬಿರಟೆ ಇಡಬೇಕಾಗುತ್ತದೆ!) ಇನ್ನೊಂದು ವಿಧಾನದಲ್ಲಿ ಒದ್ದೆ ಪಟ್ಟಿಗಳ ಮೂಲಕ 1ರಿಂದ 2 ಮಿಲಿಆಂಪಿಯರ್‌ನಷ್ಟು ಅಲ್ಪ ವಿದ್ಯುತ್ ಹರಿಸುತ್ತಾರೆ.

ಫಲಿತಾಂಶ? 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಹತ್ತು ದಿನಗಳ ಕಾಂತ ಚಿಕಿತ್ಸೆ ಪಡೆದ 32 ಮಂದಿಯಲ್ಲಿ 18 ಮಂದಿಗೆ ತಕ್ಕಮಟ್ಟಿನ ಉಪಶಮನ ದೊರೆಯಿತು. ಸುಳ್ಳು ಸುರುಳಿ ಹಿಡಿಸಿಕೊಂಡ 32 ಮಂದಿಯಲ್ಲೂ 7 ಮಂದಿ ಗುಣ ಕಂಡರು. ಭರವಸೆ ಮೂಡಿತ್ತು. ಆದರೆ 2017ರಲ್ಲಿ ಪ್ರಕಟವಾದ, ಜರ್ಮನಿಯ ಹಲವು ಕೇಂದ್ರಗಳ ದೊಡ್ಡ ಪ್ರಯೋಗದಲ್ಲಿ ನಿಜ ಚಿಕಿತ್ಸೆಗೂ ಸುಳ್ಳು ಚಿಕಿತ್ಸೆಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘದ 2014ರ ಮಾರ್ಗಸೂಚಿಯೂ ಇದನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿಧಾನಗಳು ಬಳಕೆಯಲ್ಲಿರುವುದು ಮುಖ್ಯವಾಗಿ ಮನೋರೋಗಗಳಿಗೆ. ಸ್ಕಿಜೋಫ್ರೇನಿಯಾದಲ್ಲಿ ಕೇಳುವ ಮಾತಿನ ದನಿಗಳಿಗೆ ವಿದ್ಯುತ್ ಪ್ರಚೋದನೆಯ ಕುರಿತು ಅಲ್ಲಿ ಸಂಶೋಧನೆ ನಡೆದಿದೆ. ಅದನ್ನು ಕಿವಿಮೊರೆತದೊಂದಿಗೆ ಬೆರೆಸಬಾರದು. ಕಿವಿ ಮೊರೆಯುವವನು ಮನೋರೋಗಿಯಲ್ಲ.

ಆದುದರಿಂದ ಜಾಹೀರಾತು ನೋಡಿ ಸಾಲಮಾಡಿ ಹೊರಡುವ ಮುನ್ನ ಯೋಚಿಸಿರಿ. ಹತ್ತು ದಿನದ ಚಿಕಿತ್ಸೆಯೆಂದರೆ ತೋಟದ ಕಾರ್ಮಿಕನಿಗೆ ಎರಡು ವಾರದ ಸಂಬಳ ಖೋತಾ, ಪಟ್ಟಣದಲ್ಲಿ ವಸತಿಯ ಖರ್ಚು ಬೇರೆ. ಅಪಸ್ಮಾರ ಇರುವವರಿಗೆ, ತಲೆಯೊಳಗೆ ಲೋಹ ಅಥವಾ ಕಾಕ್ಲಿಯರ್ ಸಾಧನ ಇರುವವರಿಗೆ ಕಾಂತ ಚಿಕಿತ್ಸೆ ಅಪಾಯಕಾರಿ.

ಮೊದಲು ಕಿವಿ ಪರೀಕ್ಷೆಯಾಗಲಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಕಿವಿ ವಿಭಾಗವಿದೆ. ಶ್ರವಣದೋಷವಿದ್ದರೆ ಶ್ರವಣ ಸಾಧನವೇ ಹಲವರ ಮೊರೆತವನ್ನು ತಗ್ಗಿಸುತ್ತದೆ. ಯೋಚನೆಯ ರೀತಿಯನ್ನು ತಿದ್ದುವ ಆಪ್ತಸಮಾಲೋಚನೆಯಿಂದ ಸದ್ದು ಹೋಗದಿದ್ದರೂ ಸಂಕಟ ಕಡಿಮೆಯಾಗುತ್ತದೆಂಬುದಕ್ಕೆ ಉತ್ತಮ ಆಧಾರಗಳಿವೆ. ರಾತ್ರಿ ಫ್ಯಾನ್ ಅಥವಾ ರೇಡಿಯೋವನ್ನು ಮೆಲ್ಲಗೆ ಹಾಕಿಟ್ಟರೂ ಆದೀತು.

ಮನೆಭೇಟಿಗೆ ಹೋಗುವ ಕಾರ್ಯಕರ್ತರು ಗಮನಿಸಬೇಕಾದುದು ಇಷ್ಟು: ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದಂತೆ ಕೇಳಿಸಿದರೆ ತಡಮಾಡದೆ ತಜ್ಞರಲ್ಲಿಗೆ ಕಳುಹಿಸಿರಿ. ಹಠಾತ್ತನೆ ಕಿವಿ ಕೇಳಿಸದಂತಾಗಿದ್ದರೆ ಅದೇ ದಿನ ಹೊರಡಿಸಿರಿ. ಅಲ್ಲಿ ಚಿಕಿತ್ಸೆ ಫಲಿಸುವುದು ಮೊದಲ ಕೆಲವು ದಿನಗಳಲ್ಲಿ.